ಕರ್ಜಗಿಯಿಂದ ಹುಬ್ಬಳ್ಳಿಗೆ, ಕಸುಬು ಕಲಿಯಲು

ಕಾರಹುಣ್ಣಿಮೆ ಎಂದರೆ ನಮ್ಮ ಭಾಗದವರಿಗೆ ಕರ್ಜಗಿ ನೆನಪಾಗುತ್ತದೆ. ವರದಾ ನದಿ ಬದಿಯ ಈ ಊರಿಗೆ ರೈಲು ನಿಲ್ದಾಣದ ಭಾಗ್ಯವೂ ಉಂಟು. ಪ್ಯಾಸೆಂಜರ್ ಗಾಡಿ ಹತ್ತಿದರೆ ಯಲವಿಗಿ, ಗುಡಗೇರಿ, ಸಂಶಿ, ಸವಾಯಿ ಗಂಧರ್ವರ ಕುಂದಗೋಳ ದಾಟಿ ಹುಬ್ಬಳ್ಳಿ. ದಾರಿಯುದ್ದಕ್ಕೂ ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಹೊಲಗಳು. ಎಸ್ಸೆಸ್ಸೆಲ್ಸಿಯ ನಂತರ ಐಟಿಐ ಮುಗಿಸಿದ ಹುಡುಗರು ಇದೇ ಗಾಡಿಯಲ್ಲಿ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿಗೆ ಅಪ್ರೆಂಟಿಸ್ ಆಗಿ ಹೋಗುತ್ತಾರೆ. ಪರವಾನಗಿ ಪಡೆದು ಒಂದು ಮುಂಜಾನೆ ನಾನೂ ಅಲ್ಲಿಗೆ ಹೋಗಿದ್ದೆ.

ಸದರ್ನ್ ಮರಾಠಾ ರೈಲ್ವೆ ಕಂಪನಿ 1880ರ ದಶಕದಲ್ಲಿ ಕಟ್ಟಿದ ಕಾರ್ಖಾನೆಯಿದು. ಉಗಿ ಎಂಜಿನ್ನುಗಳ ಕಾಲ ಹೋಯಿತು, ಮೀಟರ್‌ಗೇಜೂ ಹೋಯಿತು. ಈಗ ಪ್ರಯಾಣಿಕರ ಬೋಗಿಗಳನ್ನು ಬಿಚ್ಚಿ, ತಿಕ್ಕಿ, ಸರಿಪಡಿಸಿ ಮತ್ತೆ ಹಳಿಗೆ ಕಳಿಸುತ್ತಾರೆ. ಒಳಗೆ ಕಾಲಿಟ್ಟರೆ ಎಣ್ಣೆ ಮತ್ತು ಕಾದ ಕಬ್ಬಿಣದ ವಾಸನೆ. ಬೋಗಿಯನ್ನು ಕ್ರೇನು ಎತ್ತಿ ಹಿಡಿದರೆ ಗಾಲಿಗಳು ಬೇರೆಯಾಗಿ ಲೇಥಿನ ಕಡೆ ಉರುಳುತ್ತವೆ.

ವಿಜ್ಞಾನದ ಮಾಸ್ತರನಾದ ನಾನು ಆ ಗಾಲಿಯ ಮುಂದೆಯೇ ಬಹಳ ಹೊತ್ತು ನಿಂತೆ. ಹೊಸ ಗಾಲಿಯ ವ್ಯಾಸ 915 ಮಿಲಿಮೀಟರ್. ಆದರೆ ಹಳಿಗೆ ತಾಗುವ ಮೈ ಚಪ್ಪಟೆಯಾಗಿಲ್ಲ, ಹೊರಕ್ಕೆ ಹೋದಂತೆ 20ಕ್ಕೆ 1ರಂತೆ ಇಳಿಜಾರು. ಯಾಕೆ? ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಉರುಳಬೇಕು. ಆದರೆ ಎರಡೂ ಗಾಲಿಗಳು ಒಂದೇ ಅಚ್ಚಿಗೆ ಬಿಗಿದಿವೆ. ತಿರುವು ಬಂದಾಗ ಜೋಡಿ ಕೊಂಚ ಹೊರಕ್ಕೆ ಸರಿದು, ಹೊರಗಾಲಿ ತನ್ನ ದಪ್ಪ ಭಾಗದ ಮೇಲೂ ಒಳಗಾಲಿ ಸಣ್ಣ ಭಾಗದ ಮೇಲೂ ಓಡುತ್ತದೆ. ಶಂಕುವಿನ ಪಾಠವನ್ನು ನಾವು ಕರಿಹಲಗೆಯ ಮೇಲೆ ಬರೆದು ಅಳಿಸುತ್ತೇವೆ. ಇಲ್ಲಿ ಅದೇ ಶಂಕು ಸಾವಿರಾರು ಜನರನ್ನು ಹೊತ್ತು ಓಡುತ್ತದೆ. ಸವೆದ ಗಾಲಿಗೆ ಆ ಆಕಾರವನ್ನು ಮತ್ತೆ ಕೊಡುವುದನ್ನು ಒಬ್ಬ ಹುಡುಗ ಗೇಜು ಹಿಡಿದು ಕಲಿಯುತ್ತಿದ್ದ.

ಜೊತೆಗೆ ಬಂದಿದ್ದ ಪಾಲಕರೊಬ್ಬರು ಕೇಳಿದರು: "ಮಾಸ್ತರ್ರ, ಇಲ್ಲಿ ಕಲಿತ್ರ ರೈಲ್ವೆ ನೌಕ್ರಿ ಗ್ಯಾರಂಟಿ ಏನ್ರಿ?"

ಗ್ಯಾರಂಟಿ ಇಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಸಿಗುವುದು ತರಬೇತಿ, ತಿಂಗಳ ಭತ್ಯೆ, ಪರೀಕ್ಷೆ ಪಾಸಾದರೆ ಪ್ರಮಾಣಪತ್ರ. ರೈಲ್ವೆಯ ಒಂದನೇ ಹಂತದ ನೇಮಕಾತಿಯಲ್ಲಿ ಶೇ. 20ರಷ್ಟು ಹುದ್ದೆಗಳು ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗಿವೆ, ಆದರೆ ಅದಕ್ಕೂ ಪರೀಕ್ಷೆ ಬರೆಯಬೇಕು. ಇದನ್ನು ಮೊದಲೇ ತಿಳಿದು ಕಳಿಸಿದರೆ ಆಮೇಲೆ ಮನೆಯಲ್ಲಿ ಜಗಳವಿಲ್ಲ. ಕೈಗೆ ಬಂದ ಕಸುಬನ್ನಂತೂ ಯಾರೂ ಕಸಿಯಲಾರರು.

ಇನ್ನೊಂದು ಮಾತು ಬಹಳ ಮನೆಗಳಿಗೆ ಗೊತ್ತಿಲ್ಲ. ಈ ಅಪ್ರೆಂಟಿಸ್ ಆಯ್ಕೆಗೆ ಲಿಖಿತ ಪರೀಕ್ಷೆಯಿಲ್ಲ. ಹತ್ತನೇ ತರಗತಿಯ ಮತ್ತು ಐಟಿಐನ ಶೇಕಡಾ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ 52, ಐಟಿಐನಲ್ಲಿ 84 ಬಂದವನಿಗೆ ಸರಾಸರಿ 68. ಎಸ್ಸೆಸ್ಸೆಲ್ಸಿಯಲ್ಲಿ 74, ಐಟಿಐನಲ್ಲಿ 70 ಬಂದವಳಿಗೆ 72. ಅವಳೇ ಮುಂದೆ. ಹತ್ತನೇತ್ತಾದಲ್ಲಿ ಶೇ. 50 ಬರದಿದ್ದರೆ ಸಾಮಾನ್ಯ ವರ್ಗದವರು ಅರ್ಜಿ ಹಾಕುವಂತೆಯೇ ಇಲ್ಲ. "ಹೆಂಗೂ ಐಟಿಐಗೆ ಹೋಗಾಂವ, ಪಾಸಾದ್ರ ಸಾಕು" ಎನ್ನುವ ಮಾತು ಎಷ್ಟು ತುಟ್ಟಿ ಬೀಳುತ್ತದೆ ನೋಡಿ.

"ಅವಳು" ಎಂದು ಬೇಕೆಂದೇ ಬರೆದೆ. ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡೂ ಎರಡು ವರ್ಷದ ಕೋರ್ಸು, ವೆಲ್ಡರ್ ಒಂದೇ ವರ್ಷ. ಹೆಣ್ಣುಮಕ್ಕಳಿಗೆ ಯಾವುದಕ್ಕೂ ಬಾಗಿಲು ಮುಚ್ಚಿಲ್ಲ. 2022ರಲ್ಲಿ ರಾಜ್ಯದ 150 ಸರಕಾರಿ ಐಟಿಐಗಳು ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿದವು. ಪ್ರವೇಶಕ್ಕೆ ಮುನ್ನ ಮಗುವನ್ನು ಕರೆದೊಯ್ದು ಆ ಯಂತ್ರಗಳನ್ನು ಕಣ್ಣಾರೆ ನೋಡಿ ಬನ್ನಿ.

ಅಪ್ರೆಂಟಿಸ್ ಪ್ರಕಟಣೆ ಹೊರಡಿಸುವುದು ಹುಬ್ಬಳ್ಳಿಯ ರೈಲ್ವೆ ನೇಮಕಾತಿ ಕೋಶ. ವಯಸ್ಸು 15ರಿಂದ 24, ಮೀಸಲು ವರ್ಗಗಳಿಗೆ ಸಡಿಲಿಕೆ ಇದೆ. ಅರ್ಜಿ ಆನ್‌ಲೈನಿನಲ್ಲಿ. ಅಂಕಪಟ್ಟಿಯಲ್ಲೂ ಆಧಾರಿನಲ್ಲೂ ಹೆಸರು, ಜನ್ಮದಿನಾಂಕ ಒಂದೇ ತೆರನಾಗಿವೆಯೇ ಎಂದು ಈಗಲೇ ನೋಡಿಕೊಳ್ಳಿ. ತಿದ್ದುಪಡಿಗೆ ವಾರಗಟ್ಟಲೆ ಓಡಾಟವಾಗುತ್ತದೆ.