ಮೆಜೆಸ್ಟಿಕ್‌ನಿಂದ ಪರಿಷೆಗೆ

ಗಾಂಧಿನಗರದ ಮಗ್ಗುಲಲ್ಲಿ ಇಂದು ಬಸ್ಸುಗಳು ಸಾಲುಗಟ್ಟಿ ನಿಲ್ಲುವ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆಯಿತ್ತು. ಊರಿಗೆ ನೀರುಣಿಸಿದ ಆ ಕೆರೆ ಬತ್ತಿ, ಬಯಲಾಗಿ, ಕಡೆಗೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ನಾನು ಹೊರಟಿದ್ದು ಅಲ್ಲಿಂದಲೇ.

ಪರಿಷೆಗೆ ಕಾರು ತಂದರೆ ಜನರ ದಾರಿ ಕಟ್ಟಿದಂತೆ. ಹಸಿರು ಮಾರ್ಗದ ಮೆಟ್ರೊ ಹತ್ತಿ, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ ದಾಟಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿಳಿದು ನಡೆದೆ. ಗಾಂಧಿ ಬಜಾರಿನ ಹೂವಿನಂಗಡಿಗಳನ್ನು ಹಾದು ರಾಮಕೃಷ್ಣ ಆಶ್ರಮದ ಹತ್ತಿರ ಬರುವಷ್ಟರಲ್ಲಿ ಹುರಿದ ಕಾಯಿಯ ಘಮ ಮೂಗಿಗೆ ಬಡಿಯಿತು.

ಪರಿಷೆ ಶುರುವಾದ ಕಾಲಕ್ಕೆ ಬಸವನಗುಡಿ ಇನ್ನೂ ಸುಂಕೇನಹಳ್ಳಿ. ಹೊಲಕ್ಕೆ ನುಗ್ಗಿ ಕಡಲೆಕಾಯಿ ಮೇಯುತ್ತಿದ್ದ ಬಸವನನ್ನು ಶಾಂತಗೊಳಿಸಲು ರೈತರು ಮೊದಲ ಫಸಲನ್ನು ಅವನಿಗೇ ಒಪ್ಪಿಸಿದರೆಂಬುದು ಐತಿಹ್ಯ. ಆ ಹೊಲಗಳೆಲ್ಲ ಬಡಾವಣೆಗಳಾಗಿವೆ. ಈಗ ಕೋಲಾರ, ಚಿಕ್ಕಬಳ್ಳಾಪುರ, ಮಾಗಡಿಯ ಕಡೆಯಿಂದ, ಆಂಧ್ರ, ತಮಿಳುನಾಡಿನಿಂದಲೂ ಕಾಯಿ ಬರುತ್ತದೆ.

ರಸ್ತೆಯಂಚಿನಲ್ಲಿ ಗೋಣಿತಾಟು ಹಾಸಿ ಕೂತಿದ್ದ ಅಜ್ಜಿಯೊಬ್ಬರು ಸೇರಿಗೆ ಕಾಯಿ ತುಂಬಿ, ಮೇಲೆ ಗೋಪುರ ಕಟ್ಟಿ, ನನ್ನ ಬಟ್ಟೆಚೀಲಕ್ಕೆ ಸುರಿದರು. "ಚೀಲ ತಂದಿದ್ದು ಒಳ್ಳೇದಾಯ್ತು ಕಣಪ್ಪ," ಎಂದು ಇನ್ನೊಂದು ಹಿಡಿ ಕೊಸರು ಹಾಕಿದರು. ಮೈಮುರಿದು ಬೆಳೆದವರ ಮುಂದೆ ಹತ್ತು ರೂಪಾಯಿಗೆ ಚೌಕಾಸಿ ಮಾಡಲು ನನಗೆ ಬಾಯಿ ಬರಲಿಲ್ಲ.

ಗುಡಿಯ ದೊಡ್ಡ ಬಸವನಿಗೆ ಕೈಮುಗಿದು ಪಕ್ಕದ ಬ್ಯೂಗಲ್ ರಾಕ್ ಉದ್ಯಾನ ಹೊಕ್ಕೆ. ಈ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಲಾಲ್‌ಬಾಗಿನ ಬಂಡೆಯೂ ಇದೇ ಕುಲದ್ದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಇಲ್ಲಿನ ಮರಗಳಲ್ಲಿ ಬಾವಲಿಗಳು ಜೋತುಬಿದ್ದು ಹಗಲು ಕಳೆಯುತ್ತವೆ. ಕೆಳಗೆ ಕಲ್ಲಿನ ಬಿರುಕಿನಲ್ಲಿ ಕಡಲೆ ಸಿಪ್ಪೆಯ ಜೊತೆ ಪ್ಲಾಸ್ಟಿಕ್ ಲೋಟಗಳೂ ಸಿಕ್ಕಿಕೊಂಡಿದ್ದವು. ಸಿಪ್ಪೆ ಮಣ್ಣಾಗುತ್ತದೆ, ಲೋಟ ಆಗದು. ಒಮ್ಮೆ ಬಳಸಿ ಎಸೆಯುವ ಇಂಥ ಲೋಟ, ತಟ್ಟೆಗಳಿಗೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಿದೆ. ಆದರೂ ಅವು ಇಲ್ಲಿ ಬಿದ್ದಿವೆಯೆಂದರೆ ತಂದವರೂ ಕೊಂಡವರೂ ನಾವೇ ಅಲ್ಲವೇ?

ಕೊಡಗು, ಚಿಕ್ಕಮಗಳೂರಿಗೆ ಹೋಗುವವರಿಗೆ ಕಾಡು ಕೆಡಿಸಬೇಡಿ ಎಂದು ನಾವು ಬುದ್ಧಿ ಹೇಳುತ್ತೇವೆ. ಆ ಮಾತು ನಮ್ಮ ಪೇಟೆಬೀದಿಗೂ ಸಲ್ಲುತ್ತದೆ. ನಗರದ ಒಡಲಲ್ಲಿ ಉಳಿದಿರುವ ಇಷ್ಟು ಬಂಡೆ, ಇಷ್ಟು ಮರ, ಇಂಥದೊಂದು ಪರಿಷೆ ಕೈತಪ್ಪಿದರೆ, ಧರ್ಮಾಂಬುಧಿಯಂತೆ ಇವೂ ಮರಳಿ ಬಾರವು.

ಮುಂದಿನ ಕಾರ್ತಿಕದಲ್ಲಿ ನೀವೂ ಬನ್ನಿ. ಮೆಟ್ರೊದಲ್ಲೋ ಬಸ್ಸಿನಲ್ಲೋ ಬನ್ನಿ, ಕೈಯಲ್ಲಿ ಬಟ್ಟೆಚೀಲವಿರಲಿ. ಬೆಳೆದವರಿಂದಲೇ ಕೊಳ್ಳಿ, ಕೇಳಿದ ಬೆಲೆ ಕೊಡಿ. ಬಂಡೆಯ ಮೇಲೆ ಹೆಸರು ಕೆತ್ತಬೇಡಿ, ಮಕ್ಕಳಿಗೂ ಅದನ್ನೇ ಕಲಿಸಿ.