ಹೊಟ್ಟೆಯಿಲ್ಲದ ವಾದ್ಯ

ನನ್ನ ಎಲೆಕ್ಟ್ರಿಕ್ ಗಿಟಾರನ್ನು ಮೊದಲ ಸಲ ಕಂಡಾಗ ಮೈಸೂರಿನ ಸೋದರತ್ತೆ ಅದನ್ನು ಮಗುಚಿ ನೋಡಿ, "ಹೊಟ್ಟೆಯೇ ಇಲ್ವಲ್ಲೋ ಇದಕ್ಕೆ! ಹಾಡೋದು ಎಲ್ಲಿಂದ?" ಎಂದಿದ್ದರು. ಹಲಸಿನ ಮರದ ಕೊಡವನ್ನು ಮಗ್ಗುಲಲ್ಲಿಟ್ಟುಕೊಂಡು ಐವತ್ತು ವರ್ಷ ವೀಣೆ ನುಡಿಸಿದವರು. ಅವರ ಕಣ್ಣಿಗೆ ನನ್ನದು ತಂತಿ ಬಿಗಿದ ಮಣೆ.

ಅತ್ತೆ ಹೇಳಿದ್ದು ಸುಳ್ಳೇನಲ್ಲ. ಟೊಳ್ಳು ಗಿಟಾರಿನಲ್ಲಿ ತಂತಿಯ ನಡುಕ ಕುದುರೆಯಿಂದಿಳಿದು, ಮೇಲ್ಹಲಗೆಯನ್ನು ಅಲುಗಿಸಿ, ಒಳಗೆ ಮಲಗಿದ್ದ ಗಾಳಿಯನ್ನೂ ಎಬ್ಬಿಸಿಕೊಂಡು ಹೊರಗೆ ಬರುತ್ತದೆ. ನನ್ನದರಲ್ಲಿ ಇರುವುದು ಅಯಸ್ಕಾಂತ, ಸುತ್ತ ತಾಮ್ರದ ಸುರುಳಿ. ಉಕ್ಕಿನ ತಂತಿ ಅಲುಗಿದ್ದಷ್ಟೇ ಅದಕ್ಕೆ ಗೊತ್ತು. ಮರದ ಸುಖದುಃಖ ಅದಕ್ಕೆ ಬೇಡ.

ನಲವತ್ತು ದಾಟಿದ ಮೇಲೆ ಅಬ್ಬರ ಸಾಕಾಗಿ ಮರದ ದನಿಗೆ ಆಸೆಪಟ್ಟೆ. ಫ್ಲ್ಯಾಟಿನಲ್ಲಿ ನಡುರಾತ್ರಿ ಟೊಳ್ಳು ಗಿಟಾರು ನುಡಿಸಿದರೆ ಪಕ್ಕದ ಮನೆಯವರು ಗೋಡೆ ತಟ್ಟಿ ತಾಳ ಹಾಕುತ್ತಾರೆ. ಸರಿ, ಇದ್ದ ಗಿಟಾರಿನ ಕುದುರೆಗೇ ಪೀಜೋ ಎಂಬ ಹರಳು ಹಾಕಿಸಿದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು 1880ರಲ್ಲಿ ಕಂಡುಕೊಂಡವರು ಪ್ಯಾರಿಸ್ಸಿನ ಕ್ಯೂರಿ ಸಹೋದರರು, ಜಾಕ್ ಮತ್ತು ಪಿಯರ್. ಗ್ಯಾಸ್ ಲೈಟರು ಕಿಡಿ ಹಾರಿಸುವುದೂ ಅದೇ ಗುಣದಿಂದ. ಇದನ್ನೆಲ್ಲ ಹೆಂಡತಿಗೆ ವಿವರಿಸಿದೆ. "ಹಾಗಾದ್ರೆ ಲೈಟರೇ ವಾಸಿ, ಕಾಫಿನಾದ್ರೂ ಆಗುತ್ತೆ" ಎಂದಳು.

ಹರಳಿನದು ಸಂಕೋಚದ ಸ್ವಭಾವ. ದನಿಗೆ ಬಲ ಕೊಡುವ ಪ್ರೀಆಂಪ್ ಕೈಹಿಡಿದು ನಡೆಸದಿದ್ದರೆ ದನಿ ಕೇಬಲ್ಲಿನಲ್ಲೇ ಸೊರಗುತ್ತದೆ. ಆ ಪ್ರೀಆಂಪಿಗೆ 9 ವೋಲ್ಟಿನ ಬ್ಯಾಟರಿ ಬೇಕು; ಅದು ಸಾಯುವುದು ಹಾಡಿನ ಮಧ್ಯದಲ್ಲೇ. ಇಷ್ಟೆಲ್ಲ ಮಾಡಿ ಕೊಂಚ ಜೋರಾಗಿ ಮೀಟಿದರೆ ಬಾತುಕೋಳಿ ಅರಚಿದಂತೆ 'ಕ್ವಾಕ್'! ಮಧ್ಯದ ಸ್ವರಗಳನ್ನು ತಗ್ಗಿಸಿದೆ. ಅಯಸ್ಕಾಂತದ ದನಿಯನ್ನು ಒಗ್ಗರಣೆಯಷ್ಟು ಸೇರಿಸಿದೆ. ಕೊನೆಗೆ, ಯಾವುದೋ ಒಳ್ಳೆಯ ಟೊಳ್ಳು ಗಿಟಾರಿನ ಮೈ ಹೇಗೆ ಅನುರಣಿಸುತ್ತದೆಂಬುದನ್ನು ಕಂಪ್ಯೂಟರಿನಲ್ಲಿ ಹಿಡಿದಿಟ್ಟ 'ಇಂಪಲ್ಸ್ ರೆಸ್ಪಾನ್ಸ್' ಎಂಬುದನ್ನೂ ಬೆರೆಸಿದೆ. ಅಂತೂ ನನ್ನ ಮಣೆಗೆ ಎರವಲಿನದಾದರೂ ಒಂದು ಹೊಟ್ಟೆ ಬಂತು.

ಅತ್ತೆಗೆ ಕೇಳಿಸಬೇಕಿತ್ತು. ಒಮ್ಮೆ ಕಚೇರಿಯಲ್ಲಿ ವೀಣೆಗೆ ಕಾಂಟ್ಯಾಕ್ಟ್ ಮೈಕು ಅಂಟಿಸಿದಾಗ, "ಜ್ವರ ನೋಡೋಕೆ ಬಂದ್ರೇನೋ" ಎಂದು ಮುಖ ತಿರುಗಿಸಿದ್ದರು. ಆ ರಾತ್ರಿ ಮನೆಗೆ ಬಂದು ಮೈಕಿಲ್ಲದೆ ಒಂದು ಗಂಟೆ ನುಡಿಸಿದರು, ನೊಂದ ಮಗುವನ್ನು ರಮಿಸುವಂತೆ. ನುಡಿಸುವ ಮುಂಚೆ ಬೆರಳ ಗೆಣ್ಣಿನಿಂದ ಕೊಡವನ್ನು ಎರಡು ಸಲ ತಟ್ಟುವುದು ಅವರ ಅಭ್ಯಾಸ. ಯಾಕೆಂದು ಕೇಳಿದರೆ, "ಒಳಗಿರೋರಿಗೆ ಹೇಳಿ ಶುರುಮಾಡಬೇಕು ಕಣೋ" ಎನ್ನುತ್ತಿದ್ದರು.

ಆ ವೀಣೆ ಈಗ ಅವರ ಮಗಳ ಜೊತೆ ಅಮೆರಿಕದಲ್ಲಿದೆ. ಚಳಿಗಾಲದ ಹೀಟರಿನ ಒಣಹವೆಗೆ ಕೊಡ ಬಿರುಕುಬಿಟ್ಟಿದೆಯಂತೆ. ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು, ಮೀಟುವ ಮೊದಲು, ಗಿಟಾರಿನ ಗಟ್ಟಿಮರವನ್ನು ಗೆಣ್ಣಿನಿಂದ ತಟ್ಟಿದೆ. ಅಯಸ್ಕಾಂತ ಸುಮ್ಮನಿತ್ತು. ಹರಳು ಕೇಳಿಸಿಕೊಂಡಿತು: ಟಕ್, ಟಕ್. ಎರವಲು ಹೊಟ್ಟೆಯೊಳಗೆ ಆ ಸದ್ದು ಒಂದು ಕ್ಷಣ ಓಡಾಡಿ ನಿಂತಿತು. ಇನ್ನೊಂದು ಸಲ ತಟ್ಟಿದೆ.