ಒಂದೂವರೆ ನಿಮಿಷದ ಹಾಡು

ಫಿನ್ಲೆಂಡಿನ ಪಂಚಾಂಗದಲ್ಲಿ ತಿಥಿನಕ್ಷತ್ರಗಳಿಲ್ಲ. ಅದರ ಬದಲು ದಿನ ದಿನಕ್ಕೂ ಒಂದೆರಡು ಹೆಸರುಗಳನ್ನು ಹಚ್ಚಿರುವರು. ಆ ಹೆಸರಿನವರಿಗೆ ಅಂದು ಸಣ್ಣದೊಂದು ಹಬ್ಬ. ಹೀಗಿರುವಲ್ಲಿ ‘ಪೆರ್ಟಿ ಕುರಿಕ್ಕನ ನಾಮದಿನ’ ಎಂಬ ಹೆಸರನ್ನು ಕೇಳಿದವರು ಅದು ಯಾವುದೋ ಸೌಮ್ಯವಾದ ಭಜನಮಂಡಲಿಯಿರಬೇಕೆಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಅದು ಪಂಕ್ ಸಂಗೀತದ ಮೇಳ.

ಪಂಕ್ ಎಂದರೇನೆಂದು ಬಲ್ಲ ವಾಚಕರು ಮುಂದಿನ ನಾಲ್ಕು ಮಾತುಗಳಿಗಾಗಿ ನನ್ನ ಮೇಲೆ ಮುನಿಯದಿರಲಿ. ಅದರಲ್ಲಿ ಆಲಾಪನೆಯಿಲ್ಲ, ವಿಸ್ತಾರವಿಲ್ಲ. ಗಿಟಾರಿನ ಮೇಲೆ ಮೂರು ನಾಲ್ಕು ಸ್ವರಗುಚ್ಛಗಳನ್ನು ಬಾರಿಸಲು ಬಂದರೆ ಸಾಕು, ಕಚೇರಿಗೆ ಕುಳಿತುಕೊಳ್ಳಬಹುದು, ಅಲ್ಲ, ನಿಂತುಕೊಳ್ಳಬಹುದು. ಗಾಯಕನು ಹಾಡುವುದಕ್ಕಿಂತ ಕೂಗುವುದೇ ಹೆಚ್ಚು. ತ್ಯಾಗರಾಜರ ಕೃತಿಗಳನ್ನು ಕೇಳಿ ಬೆಳೆದ ಕಿವಿಗೆ ಇದು ಹಿತವೆಂದು ನಾನು ಹೇಳಲಾರೆನು. ಹಿತವಾಗಬೇಕೆಂಬ ಉದ್ದೇಶವು ಅದನ್ನು ಕಟ್ಟಿದವರಿಗೂ ಇರಲಿಲ್ಲ.

ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ಎಂಬ ಮೇಳಕ್ಕೆ ಸ್ವದೇಶದ ಎಷ್ಟೋ ಸಭಾಂಗಣಗಳು ಬಾಗಿಲು ಮುಚ್ಚಿದ್ದುವು. ಆ ಕಾಲದಲ್ಲಿ, 1977ರ ಜುಲೈ ತಿಂಗಳಿನಲ್ಲಿ, ಅದು ಕೋಪನ್‌ಹೇಗನ್ನಿನಿಂದ ಹೊರಟು ಸ್ವೀಡನ್ನಿನ ಸಣ್ಣ ಊರುಗಳನ್ನೂ ಓಸ್ಲೋ, ಟ್ರೋಂಡ್‌ಹೈಮ್ ನಗರಗಳನ್ನೂ ಸುತ್ತಿ ಬಂದಿತು. ಇಷ್ಟನ್ನು ತಾವೂ ಮಾಡಬಲ್ಲೆವೆಂಬ ಧೈರ್ಯವು ಆ ನಾಡುಗಳ ಹುಡುಗರಿಗೆ ಬಂದಿತು. ಅದೇ ವರ್ಷ ಕೋಪನ್‌ಹೇಗನ್ನಿನಲ್ಲಿ ‘ಸಾಡ್ಸ್’, ಸ್ಟಾಕ್‌ಹೋಮಿನಲ್ಲಿ ‘ಎಬ್ಬಾ ಗ್ರೋನ್’ ಹುಟ್ಟಿದುವು. 1978ರಲ್ಲಿ ಕ್ಲಿಪ್ಪನ್ ಎಂಬ ಸಣ್ಣ ಊರಿನ ಹುಡುಗರು ‘ಸಭ್ಯ ಉಡುಪು’ ಎಂಬ ಅರ್ಥದ ಹಾಡೊಂದರ ಮುದ್ರಿಕೆಯನ್ನು ಹೊರತಂದರು. ಭೋಜನಶಾಲೆಗಳ ಬಾಗಿಲಿನಲ್ಲಿ ತೂಗುವ ಫಲಕದ ಮಾತದು! ಐಸ್‌ಲೆಂಡಿಗೆ ಈ ಗಾಳಿ ತುಸು ತಡವಾಗಿ ಬೀಸಿತು. ಆದರೆ 1982ರ ‘ರಾಕ್ ಇ ರೇಕ್ಯಾವಿಕ್’ ಚಲಚ್ಚಿತ್ರದಲ್ಲಿ ಹದಿಹರೆಯದ ಬ್ಯೋರ್ಕ್ ಹಾಡುವುದನ್ನು ನೋಡಿದರೆ ತಡವಾದುದು ನಷ್ಟವಾಗಲಿಲ್ಲವೆನಿಸುತ್ತದೆ. ಇವರಲ್ಲಿ ಅನೇಕರು ಇಂಗ್ಲಿಷನ್ನು ಬಿಟ್ಟು ತಾಯ್ನುಡಿಯಲ್ಲಿಯೇ ಕೂಗಿದರು. ಬೈಗುಳವಾದರೂ ಮನೆಯ ಮಾತಿನಲ್ಲಿದ್ದರೆ ನಾಟುತ್ತದೆಯಲ್ಲವೇ?

ಅನ್ನವಿಲ್ಲದವರು ಕೂಗುವುದು ಸಹಜ. ಇವರಿಗೇನಾಗಿತ್ತು? 1928ರಲ್ಲಿ ಪೆರ್ ಆಲ್ಬಿನ್ ಹಾನ್‌ಸನ್ ಎಂಬ ಮುಂದಾಳು, ದೇಶವು ಒಂದು ‘ಜನರ ಮನೆ’ಯಾಗಬೇಕು, ಒಳ್ಳೆಯ ಮನೆಯಲ್ಲಿ ಮುದ್ದಿನ ಮಗುವೂ ಇಲ್ಲ, ಮಲಮಗುವೂ ಇಲ್ಲ, ಎಂಬ ಅರ್ಥದ ಭಾಷಣವನ್ನು ಮಾಡಿದನು. 1932ರಲ್ಲಿ ಆತನೇ ಪ್ರಧಾನಮಂತ್ರಿಯಾದನು. ಮುಂದಿನ ದಶಕಗಳಲ್ಲಿ ಸ್ವೀಡನ್ ಆ ಮನೆಯನ್ನು ಬಹುಮಟ್ಟಿಗೆ ಕಟ್ಟಿಯೂ ಕಟ್ಟಿತು. ಎಬ್ಬಾ ಗ್ರೋನಿನ ಹುಡುಗರು ಬೆಳೆದ ರೋಗ್ಸ್‌ವೇಡ್ ಬಡಾವಣೆಯು 1950ರ ದಶಕದಲ್ಲಿ ಎದ್ದುದು. ಅಲ್ಲಿ ಶಾಲೆಯಿತ್ತು, ರೈಲಿತ್ತು, ಚಳಿಗೆ ಬೆಚ್ಚನೆಯ ಕೋಣೆಯಿತ್ತು. ಆದರೆ ಮನೆಯೆಂದ ಮೇಲೆ ಹಿರಿಯರ ಗೊತ್ತುಪಾಡುಗಳೂ ಇರುವುವಷ್ಟೆ. ಏನಾಗಬೇಕು, ಎಲ್ಲಿ ಸೇರಬೇಕು, ಎಷ್ಟು ಹೊತ್ತಿಗೆ ಮರಳಬೇಕು ಎಂಬುದೆಲ್ಲ ಮೊದಲೇ ನಿಶ್ಚಯವಾಗಿತ್ತು. ತಾವು ಸೇರುವ ‘ಓಯಸಿಸ್’ ಎಂಬರ್ಥದ ಹೆಸರಿನ ಸಭಾಂಗಣವು ಕೈತಪ್ಪದಿರಲೆಂದು ಅಲ್ಲಿಯ ತರುಣರು 1979ರಲ್ಲಿ ಅದನ್ನು ಆಕ್ರಮಿಸಿ ಕುಳಿತರು. ಈ ಸಂಗತಿಯನ್ನು ಓದಿದ ಮೇಲೆ ಆ ಹಾಡುಗಳ ಗದ್ದಲವು ನನಗೆ ಸ್ವಲ್ಪ ಬೇರೆಯಾಗಿ ಕೇಳಿಸತೊಡಗಿತು.

ಇನ್ನು ಕುರಿಕ್ಕನ ಮಾತು. ಆತನೂ, ಗಾಯಕ ಕರಿ ಆಲ್ಟೊ, ಸಮಿ ಹೆಲ್ಲೆ, ಟೋನಿ ವ್ಯಾಲಿಟಾಲೊ ಎಂಬ ಸಂಗಡಿಗರೂ ಬೌದ್ಧಿಕ ಬೆಳವಣಿಗೆಯ ಕುಂದಿನೊಡನೆ ಜನಿಸಿದವರು. ಹೆಲ್ಸಿಂಕಿಯಲ್ಲಿ ಅಂಥವರಿಗಾಗಿ ನಡೆಯುವ ಕಾರ್ಯಶಾಲೆಯೊಂದರಲ್ಲಿ 2009ರಲ್ಲಿ ಈ ಮೇಳವು ಕೂಡಿತು. ಇವರು ಕರುಣೆಯನ್ನು ಬೇಡಿ ಹಾಡಲಿಲ್ಲ, ದೂರಿ ಹಾಡಿದರು. ಅಧಿಕಾರಿಗಳ ಮೇಲೆ ಕೋಪ, ಹತ್ತಾರು ಮಂದಿಯನ್ನು ಒಟ್ಟಿಗಿರಿಸುವ ನಿಲಯಗಳ ಮೇಲೆ ಕೋಪ. 2015ರಲ್ಲಿ ಫಿನ್ಲೆಂಡಿನ ಜನರು ಮತವಿತ್ತು ಇವರನ್ನು ಯೂರೋವಿಷನ್ ಎಂಬ ಮಹಾ ಸ್ಪರ್ಧೆಗಾಗಿ ವಿಯೆನ್ನಾಕ್ಕೆ ಕಳುಹಿಸಿದರು. ಹಾಡಿನ ಅವಧಿ 1 ನಿಮಿಷ 27 ಸೆಕೆಂಡು. ಆ ಸ್ಪರ್ಧೆಯಲ್ಲಿ ಅಷ್ಟು ಚಿಕ್ಕ ಹಾಡು ಅದುವರೆಗೆ ಬಂದಿರಲಿಲ್ಲ. ಹಾಡಿನ ವಿಷಯವೋ ಅದಕ್ಕಿಂತಲೂ ಚಿಕ್ಕದು: ಯಾವಾಗಲೂ ಇದನ್ನು ಮಾಡಬೇಕು, ಅದನ್ನು ತಿನ್ನಕೂಡದು ಎಂದು ದಿನವಿಡೀ ಪರರಿಂದ ಹೇಳಿಸಿಕೊಳ್ಳುವ ವಯಸ್ಕನೊಬ್ಬನ ಬೇಸರ. ಅಂತಿಮ ಸುತ್ತಿಗೆ ಅವರು ಏರಲಿಲ್ಲ.

ನನ್ನ ತಮ್ಮನಿಗೆ ಈಗ ನಲವತ್ತಾರು ವರ್ಷ. ಅವನೂ ಅಂಥವನೇ. ತಂದೆತಾಯಿಗಳು ಹೋದ ಮೇಲೆ ನಮ್ಮಲ್ಲಿದ್ದಾನೆ. ಹಾಲು ತರುವನು, ಹೂ ಬಿಡಿಸುವನು, ಬೀದಿಯ ಎಲ್ಲರ ಹೆಸರನ್ನೂ ಬಲ್ಲನು. ಆದರೂ ಮನೆಗೆ ಬಂದವರು ಅವನ ಎದುರಿನಲ್ಲಿಯೇ, “ಇವನು ಊಟ ಮಾಡಿದನೆ? ಇವನಿಗೆ ಚಳಿಯೆ?” ಎಂದು ನನ್ನನ್ನು ಕೇಳುವರು. ಅವರಲ್ಲಿ ಕೆಟ್ಟ ಮನಸ್ಸಿನವರು ಒಬ್ಬರೂ ಇಲ್ಲ. ಕಷ್ಟವಿರುವುದೂ ಅಲ್ಲಿಯೇ, ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು.

ಒಂದು ಸಂಜೆ ಆ ಹಾಡನ್ನು ಅವನಿಗೆ ಕೇಳಿಸಿದೆನು. ಭಾಷೆ ನಮ್ಮಿಬ್ಬರಿಗೂ ತಿಳಿಯದು; ಅರ್ಥವನ್ನು ನಾನು ಓದಿದ್ದಂತೆ ಹೇಳಿದೆನು. ಅವನು ನಗಲಿಲ್ಲ. “ಅಣ್ಣಾ, ಅವರಿಗೂ ಹೇಳ್ತಾರಾ?” ಎಂದನು. “ಹೇಳ್ತಾರಂತೆ ಕಣೋ.” “ಇನ್ನೊಂದ್ಸಲ ಹಾಕು.” ಆ ರಾತ್ರಿ ಏಳು ಸಲ ಹಾಕಬೇಕಾಯಿತು. ಎಂಟನೆಯ ಸಲಕ್ಕೆ ನನ್ನ ಹೆಂಡತಿಯು ಒಳಗಿನಿಂದ ಬಂದು ಬಾಗಿಲು ಮುಚ್ಚಿಕೊಂಡು ಹೋದಳು. ಅವಳ ಸಂಗೀತಜ್ಞಾನ ನನ್ನದಕ್ಕಿಂತ ಮೇಲಾದುದು. 2016ರಲ್ಲಿ, ಕುರಿಕ್ಕನಿಗೆ ಅರುವತ್ತು ತುಂಬಿದ ವರ್ಷ, ಆ ಮೇಳವು ವಿಸರ್ಜನೆಯಾಯಿತೆಂಬುದನ್ನು ತಮ್ಮನಿಗೆ ಇನ್ನೂ ಹೇಳಿಲ್ಲ.

ಮೊನ್ನೆ ನೆಂಟರಲ್ಲಿಗೆ ಹೋಗಿದ್ದಾಗ ಆ ಮನೆಯಾಕೆ ಕಾಫಿ ತಂದು, “ಇವನಿಗೆ ಸಕ್ಕರೆ ಎಷ್ಟು?” ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವುದಕ್ಕೆ ಮುಂಚೆ ತಮ್ಮನು, “ಎರಡು ಚಮಚ,” ಎಂದನು, ಸ್ವಲ್ಪ ಗಟ್ಟಿಯಾಗಿಯೇ. ಆಕೆ ನನ್ನ ಮುಖವನ್ನು ನೋಡಿದರು. ನಾನು ಲೋಟದೊಳಗೆ ನೋಡುತ್ತಿದ್ದೆನು. ಎರಡು ಚಮಚವನ್ನೇ ಹಾಕಿದರು.